ಮೊಗ್ಗು ತಿಂದವರು ಯಾರು? ಬಿಸಿಲೂರಿನ ಹೂಗಿಡಗಳನ್ನು ಪ್ರಾಣಿ-ಪಕ್ಷಿಗಳಿಂದ ಕಾಯುವ ಬಗೆ

ಹೋಳಿ ಮುಗಿದು ಶರಣಬಸವೇಶ್ವರರ ರಥೋತ್ಸವ ನಡೆಯುವ ಹೊತ್ತಿಗೆ ಕಲಬುರಗಿಯಲ್ಲಿ ಬಿಸಿಲು ಬಲಿತಿರುತ್ತದೆ. ಆ ದಿನಗಳಿಂದ ಮೃಗಶಿರಾ ಮಳೆ ಬೀಳುವವರೆಗೆ ಊರಂಚಿನ ಬಡಾವಣೆಗಳಲ್ಲಿ ಹೂಗಿಡ ಬೆಳೆಸಿದವರ ದೂರು ಹೆಚ್ಚುಕಡಿಮೆ ಒಂದೇ. ಸಂಜೆ ಎಣಿಸಿಟ್ಟ ಗುಲಾಬಿ ಮೊಗ್ಗುಗಳು ಬೆಳಗಾಗುವಷ್ಟರಲ್ಲಿ ಇರುವುದಿಲ್ಲ, ದಾಸವಾಳದಲ್ಲಿ ಬರಿಯ ತೊಟ್ಟು ಉಳಿದಿರುತ್ತದೆ, ಸೇವಂತಿಗೆಯ ಸಸಿ ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದಂತೆ ನಿಂತಿರುತ್ತದೆ. ಬೀದರ್, ಯಾದಗಿರಿಗಳ ಮಾತೂ ಬೇರೆಯಲ್ಲ. ಅಲ್ಲಿ ಕೋಟೆಯ ಗೋಡೆ, ಗುಡ್ಡದ ಬಂಡೆಗಳಿಂದ ಇಳಿದು ಬರುವ ಮಂಗಗಳ ಪಾಲು ಇನ್ನೂ ಒಂದು ತೂಕ ಹೆಚ್ಚೆನ್ನಬಹುದು.

ಇಂಥ ಸಮಯದಲ್ಲಿ ಕೇಳಿದವರಿಗೆಲ್ಲ ಒಂದೊಂದು ಉಪಾಯ ಸಿಗುತ್ತದೆ. ಖಾರದ ಪುಡಿ ಉದುರಿಸಿ ಎನ್ನುವವರಿದ್ದಾರೆ, ಬಲೆ ಹಾಕಿ ಎನ್ನುವವರಿದ್ದಾರೆ, ಗೊಂಬೆ ನಿಲ್ಲಿಸಿ ಎನ್ನುವವರೂ ಇದ್ದಾರೆ. ಇವೆಲ್ಲವೂ ಎಲ್ಲೋ ಒಂದು ಕಡೆ ಕೆಲಸ ಮಾಡಿದ ಉಪಾಯಗಳೇ. ಆದರೆ ಮೊಲಕ್ಕೆ ಹೂಡಿದ ಉಪಾಯ ಗಿಳಿಗೆ ನಡೆಯುವುದಿಲ್ಲ, ಗಿಳಿಗೆ ಹೂಡಿದ್ದನ್ನು ಕರಿಮೂತಿಯ ಮಂಗವಾದ ಮುಸುವ ಲೆಕ್ಕಕ್ಕೆ ಇಡುವುದಿಲ್ಲ. ಆದ್ದರಿಂದ ತಿಂದವರು ಯಾರೆಂದು ತಿಳಿಯುವುದು ಮೊದಲ ಕೆಲಸ. ಅದು ತಿಳಿದರೆ ಮುಂದಿನ ದಾರಿ ಬಹುಪಾಲು ತಾನಾಗಿಯೇ ತೆರೆದುಕೊಳ್ಳುತ್ತದೆ.

ಬೇಸಿಗೆಯಲ್ಲಿಯೇ ಏಕೆ?

ಈ ಭಾಗದ ಕಾಡು ಒಣಕಾಡು. ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿಧಾಮವನ್ನೇ ನೋಡಿದರೆ, ಅಲ್ಲಿನ ಮರಗಳಲ್ಲಿ ಹೆಚ್ಚಿನವು ಬೇಸಿಗೆಗೆ ಎಲೆ ಉದುರಿಸುತ್ತವೆ. ಎಲೆಯ ಮೂಲಕ ನೀರು ಆವಿಯಾಗಿ ಹೋಗುವುದನ್ನು ತಡೆಯಲು ಮರ ಕಂಡುಕೊಂಡ ಉಪಾಯವಿದು. ಮರಕ್ಕೆ ಇದರಿಂದ ಉಳಿತಾಯವಾದರೆ ಎಲೆ ತಿಂದು ಬದುಕುವ ಪ್ರಾಣಿಗೆ ಬರಗಾಲ ಬರುತ್ತದೆ. ಹೊಲಗಳಲ್ಲಿಯೂ ಇದೇ ಹೊತ್ತಿಗೆ ಬಯಲಾಗಿರುತ್ತದೆ. ಆಳೆತ್ತರ ಬೆಳೆದು ಮೊಲಕ್ಕೂ ನವಿಲಿಗೂ ಮರೆಯಾಗಿದ್ದ ತೊಗರಿ, ಡಿಸೆಂಬರ್-ಜನವರಿಯಲ್ಲಿ ಕಟಾವಾದ ಮೇಲೆ, ಮೇವೂ ಇಲ್ಲದ, ಮರೆಯೂ ಇಲ್ಲದ ಕಪ್ಪು ನೆಲವಾಗಿ ಉಳಿಯುತ್ತದೆ. ನಮ್ಮ ಹೊಸ ಬಡಾವಣೆಗಳು ಎದ್ದಿರುವುದು ಇಂಥ ಹೊಲಗಳ ಮಗ್ಗುಲಲ್ಲಿಯೇ.

ಸುತ್ತಲೂ ಎಲ್ಲ ಒಣಗಿರುವಾಗ ಎರಡು ಹೊತ್ತು ನೀರುಂಡ ಹಿತ್ತಲೊಂದೇ ಹಸಿರಾಗಿ ಕಂಡರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಗೊಬ್ಬರ ಮತ್ತು ನೀರು ಸಿಕ್ಕ ಗಿಡದ ಚಿಗುರಿನಲ್ಲಿ ನಾರು ಕಡಿಮೆ, ನೀರಿನ ಅಂಶ ಮತ್ತು ಸಸಾರಜನಕ ಹೆಚ್ಚು. ಮೊಗ್ಗಂತೂ ಗಿಡವು ತನ್ನ ಗಳಿಕೆಯನ್ನೆಲ್ಲ ಒಂದೆಡೆ ಕಟ್ಟಿಟ್ಟ ಬುತ್ತಿಯಿದ್ದಂತೆ. ಅದರಲ್ಲಿ ಸಕ್ಕರೆಯೂ ಪರಾಗದ ಪ್ರೋಟೀನೂ ಇರುತ್ತವೆ. ಬಲಿತ ಎಲೆಯನ್ನು ಬಿಟ್ಟು ಮೊಗ್ಗನ್ನೇ ಹುಡುಕಿ ತಿನ್ನುವುದಕ್ಕೆ ಕಾರಣ ಇದು.

ಗಿಡದ ಮೇಲೆ ಉಳಿಯುವ ಗುರುತು

ಮೊದಲು ನೋಡಬೇಕಾದದ್ದು ಉಳಿದಿರುವ ದಂಟಿನ ತುದಿಯನ್ನು. ಆಡು, ಆಕಳು, ಎಮ್ಮೆ, ಚಿಗರಿ ಇವುಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳೇ ಇಲ್ಲ. ಹಲ್ಲಿನ ಜಾಗದಲ್ಲಿ ಗಟ್ಟಿಯಾದ ದಿಂಡೊಂದು ಇರುತ್ತದೆ. ಪ್ರಾಣಿಯು ಕೆಳಗಿನ ಹಲ್ಲುಗಳಿಂದ ದಂಟನ್ನು ಆ ದಿಂಡಿಗೆ ಒತ್ತಿ ಹಿಡಿದು ತಲೆ ಝಾಡಿಸಿ ಎಳೆಯುತ್ತದೆ. ಆದ್ದರಿಂದ ದಂಟು ಕತ್ತರಿಸುವುದಿಲ್ಲ, ಹರಿಯುತ್ತದೆ. ತುದಿಯಲ್ಲಿ ನಾರಿನ ಎಳೆಗಳು ಜೋತಿರುತ್ತವೆ. ಮೊಲ, ಮುಳ್ಳುಹಂದಿ, ಹೆಗ್ಗಣಗಳಿಗೆ ಮೇಲೆ ಕೆಳಗೆ ಎರಡೂ ಕಡೆ ಉಳಿಯಂಥ ಬಾಚಿಹಲ್ಲುಗಳಿವೆ. ಅವು ಕಚ್ಚಿದ ಜಾಗ ಹರಿತವಾದ ಚಾಕುವಿನಿಂದ ಓರೆಯಾಗಿ ಕೊಯ್ದಂತೆ ನಯವಾಗಿರುತ್ತದೆ.

ಈ ವ್ಯತ್ಯಾಸ ತಿಳಿಯದೆ ನಾನೊಮ್ಮೆ ನೆರೆಮನೆಯವರ ಆಡಿನ ಮೇಲೆ ತಪ್ಪು ಹೊರಿಸಿದ್ದೆ. ಹನ್ನೆರಡು ಸೇವಂತಿಗೆ ಸಸಿಗಳು ಒಂದೇ ರಾತ್ರಿಯಲ್ಲಿ ಹೋಗಿದ್ದವು. ಮಾತು ಬೆಳೆದು, ಆಡಿನ ಒಡತಿ ತಾವೇ ಬಂದು ಬಗ್ಗಿ ನೋಡಿ, "ಇದು ಆಡು ಹರದದ್ದಲ್ರೀ, ಕೊಯ್ದಂಗ ಅದ ನೋಡ್ರಿ" ಎಂದರು. ಪ್ರತಿಯೊಂದು ದಂಟಿನ ತುದಿಯೂ ಓರೆಯಾಗಿತ್ತು, ಮಣ್ಣಿನ ಮೇಲೆ ಕಡಲೆಗಾತ್ರದ ಒಣ ಹಿಕ್ಕೆಗಳು ಬಿದ್ದಿದ್ದವು. ಬಂದು ಹೋದದ್ದು ಮೊಲ. ಆಡು ಸಾಕಿದವರಿಗೆ ಆಡಿನ ಬಾಯಿ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮಂಗಗಳ ಗುರುತು ಬೇರೆ. ಅವು ಬಾಯಿಗಿಂತ ಮೊದಲು ಕೈ ಬಳಸುತ್ತವೆ. ರೆಂಬೆ ಬಾಗಿ ಮುರಿದಿರುತ್ತದೆ, ಅರ್ಧ ಕಚ್ಚಿದ ಮೊಗ್ಗುಗಳು ನೆಲದ ಮೇಲೆ ಚೆಲ್ಲಾಡಿರುತ್ತವೆ, ಕುಂಡ ಉರುಳಿರುತ್ತದೆ. ಇವುಗಳಲ್ಲಿಯೂ ಎರಡು ಬಗೆ. ಕೆಂಪು ಮೂತಿಯ ಕೋತಿ ಕೈಗೆ ಸಿಕ್ಕಿದ್ದನ್ನು ಕೆನ್ನೆಯ ಚೀಲಕ್ಕೆ ತುಂಬಿಕೊಂಡು ದೂರ ಹೋಗಿ ಕುಳಿತು ತಿನ್ನುತ್ತದೆ. ಅದಕ್ಕೆ ಹಣ್ಣು, ಕಾಳು, ಹುಳು, ರೊಟ್ಟಿ ಎಲ್ಲವೂ ಆದೀತು. ಕರಿಮೂತಿಯ, ಉದ್ದ ಬಾಲದ ಮುಸುವಕ್ಕೆ ಕೆನ್ನೆಚೀಲವಿಲ್ಲ. ಅದರ ಹೊಟ್ಟೆ ಮೆಲುಕು ಹಾಕುವ ದನದ ಹೊಟ್ಟೆಯಂತೆ ಹಲವು ಕೋಣೆಗಳಾಗಿದ್ದು, ಅಲ್ಲಿನ ಸೂಕ್ಷ್ಮಜೀವಿಗಳು ಎಲೆಯ ನಾರನ್ನು ಹುಳಿಸಿ ಕರಗಿಸುತ್ತವೆ. ಚಿಗುರು, ಎಲೆ, ಹೂವು ಇವೇ ಅದರ ಊಟ. ಹೂದೋಟಕ್ಕೆ ನಿಜವಾದ ಗಿರಾಕಿ ಮುಸುವವೇ ಹೊರತು ಕೋತಿಯಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ನವಿಲು ಬಂದಿದ್ದರೆ ಮಡಿಯ ಮಣ್ಣು ಕೆದರಿರುತ್ತದೆ, ಹಸಿ ಮಣ್ಣಿನಲ್ಲಿ ಮುಂದಕ್ಕೆ ಚಾಚಿದ ಮೂರು ಬೆರಳಿನ ದೊಡ್ಡ ಹೆಜ್ಜೆ ಮೂಡಿರುತ್ತದೆ, ಎಳೆಯ ಸಸಿಗಳ ತುದಿ ಮಾತ್ರ ಹೋಗಿರುತ್ತದೆ. ಪಿಕಳಾರ ಮತ್ತು ಗಿಳಿಗಳು ದಳಗಳನ್ನು ಚೂರುಚೂರಾಗಿ ಕಿತ್ತು, ತಿಂದದ್ದಕ್ಕಿಂತ ಹೆಚ್ಚು ಉದುರಿಸುತ್ತವೆ. ಅಳಿಲು ದಾಸವಾಳದ ಹೂವಿನ ಬುಡವನ್ನು ಕಡಿದು ಮಕರಂದಕ್ಕೆ ಬಾಯಿ ಹಾಕುತ್ತದೆ. ಸುಗಂಧರಾಜದ ಅಥವಾ ಡೇಲಿಯಾದ ಗಡ್ಡೆಯೇ ಮಾಯವಾಗಿ ಗುಂಡಿ ಬಿದ್ದಿದ್ದರೆ ರಾತ್ರಿ ಮುಳ್ಳುಹಂದಿ ಬಂದಿರಬಹುದು. ಕಪ್ಪು-ಬಿಳುಪು ಪಟ್ಟೆಯ ಒಂದು ಮುಳ್ಳು ಸಿಕ್ಕರೆ ಅನುಮಾನವೇ ಬೇಡ.

ತಪ್ಪು ಮಾಡದೆಯೂ ಬೈಸಿಕೊಳ್ಳುವವರನ್ನು ಇಲ್ಲಿಯೇ ಹೇಳಿಬಿಡಬೇಕು. ಗುಲಾಬಿ ಎಲೆಯ ಅಂಚಿನಲ್ಲಿ ಬಳೆಯ ತುಂಡಿಟ್ಟು ಕತ್ತರಿಸಿದಂತೆ ಅರ್ಧಚಂದ್ರಾಕಾರದ ಕಚ್ಚುಗಳಿದ್ದರೆ ಅದು ಎಲೆ ಕತ್ತರಿಸುವ ಒಂದು ಜಾತಿಯ ಜೇನ್ನೊಣದ ಕೆಲಸ. ಅದು ಎಲೆಯ ತುಣುಕನ್ನು ತಿನ್ನುವುದಿಲ್ಲ, ಗೂಡಿನ ಒಳಗೋಡೆಗೆ ಹೊದಿಸುತ್ತದೆ. ಗಿಡಕ್ಕೆ ಅದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಸೂರಕ್ಕಿ ಹೂವಿನಿಂದ ಹೂವಿಗೆ ಹಾರುವುದು ಮಕರಂದಕ್ಕೆ, ಮೊಗ್ಗಿಗಲ್ಲ.

ಮೊಗ್ಗು ಹೋದರೆ ಗಿಡ ಹೋದಂತೆಯೇ?

ಹಾಗೇನಿಲ್ಲ. ಗಿಡದ ತುದಿಯಲ್ಲಿರುವ ಚಿಗುರು ಆಕ್ಸಿನ್ ಎಂಬ ರಸವನ್ನು ಕೆಳಕ್ಕೆ ಕಳುಹಿಸುತ್ತಿರುತ್ತದೆ. ಆ ರಸ ಇಳಿಯುತ್ತಿರುವವರೆಗೆ ಎಲೆಗಳ ಕಂಕುಳಲ್ಲಿರುವ ಪಕ್ಕದ ಮೊಗ್ಗುಗಳು ಮಲಗಿರುತ್ತವೆ. ಮನೆಯ ಹಿರಿಯರು ಪಡಸಾಲೆಯಲ್ಲಿ ಕುಳಿತಿರುವಾಗ ಕಿರಿಯರು ಬಾಯಿ ಬಿಡುವುದಿಲ್ಲವಲ್ಲ, ಹಾಗೆ. ತುದಿ ಹೋದೊಡನೆ ಪಕ್ಕದ ಮೊಗ್ಗುಗಳೆಲ್ಲ ಒಮ್ಮೆಗೆ ಚಿಗುರುತ್ತವೆ. ಸೇವಂತಿಗೆ ಬೆಳೆಯುವವರು ನಾಟಿ ಮಾಡಿದ ಸುಮಾರು ನಾಲ್ಕು ವಾರಕ್ಕೆ ತಾವೇ ಕುಡಿ ಚಿವುಟುವುದು ಇದಕ್ಕಾಗಿ. ಮೊಲವೋ ನವಿಲೋ ಒಮ್ಮೆ ತುದಿ ತಿಂದು ಹೋದರೆ ಕುಡಿ ಚಿವುಟಿದ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟಂತೆಯೇ ಆಯಿತು.

ಕಷ್ಟ ಇರುವುದು ಪದೇಪದೇ ತಿಂದಾಗ ಮತ್ತು ಹೊತ್ತಲ್ಲದ ಹೊತ್ತಿನಲ್ಲಿ ತಿಂದಾಗ. ಪ್ರತಿ ಬಾರಿ ಚಿಗುರುವಾಗಲೂ ಗಿಡ ಬೇರು-ಕಾಂಡಗಳಲ್ಲಿ ಕೂಡಿಟ್ಟ ಹಿಟ್ಟನ್ನು ಖರ್ಚು ಮಾಡುತ್ತದೆ. ಹೊಸ ಎಲೆ ಬಲಿತು ದುಡಿಯುವ ಮೊದಲೇ ಅದೂ ಹೋದರೆ ಕೂಡಿಟ್ಟದ್ದು ಕರಗುತ್ತ ಬರುತ್ತದೆ. ಇನ್ನು ಹೊತ್ತಿನ ಮಾತು. ಗುಲಾಬಿ ಕಡಿದ ಆರೇಳು ವಾರದಲ್ಲಿ ಮತ್ತೆ ಹೂವು ಕೊಡಬಲ್ಲದು, ದಾಸವಾಳ ವರ್ಷವಿಡೀ ಮೊಗ್ಗು ಬಿಡುತ್ತಲೇ ಇರುತ್ತದೆ. ಸೇವಂತಿಗೆ ಹಾಗಲ್ಲ, ಹಗಲು ಗಿಡ್ಡವಾಗಿ ಇರುಳು ಉದ್ದವಾದಾಗ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ದೀಪಾವಳಿಯ ಆಸುಪಾಸಿನ ಮೊಗ್ಗು ಹೋದರೆ ಆ ವರ್ಷದ ಹೂವು ಬಹುಪಾಲು ಹೋದಂತೆ. ಸುಗಂಧರಾಜದ ಒಂದು ಗಡ್ಡೆ ಎತ್ತುವುದು ಒಂದೇ ಹೂದಂಡ. ಎಲ್ಲ ಗಿಡವನ್ನೂ ಒಂದೇ ಸಮನೆ ಕಾಯುವ ಶಕ್ತಿ ನಮಗಿಲ್ಲದಿದ್ದರೆ ಕಾವಲನ್ನು ಯಾವುದಕ್ಕೆ ಮೊದಲು ಕೊಡಬೇಕೆಂಬುದನ್ನು ಈ ಲೆಕ್ಕ ಹೇಳುತ್ತದೆ.

ಅಡ್ಡಗಟ್ಟುವುದು

ದೀರ್ಘಕಾಲ ನಂಬಬಹುದಾದದ್ದು ತಡೆಯೊಂದೇ ಎಂದು ನನ್ನ ಅನುಭವ. ಆದರೆ ತಡೆ ಬರುವ ಪ್ರಾಣಿಯ ಅಳತೆಗೆ ಹೊಲಿದಿರಬೇಕು.

ಮೊಲಕ್ಕೆ ಒಂದು ಅಂಗುಲದ ಕಣ್ಣಿನ ತಂತಿ ಜಾಳಿಗೆ, ಮೂರು ಮೂರೂವರೆ ಅಡಿ ಎತ್ತರ ಇದ್ದರೆ ಸಾಕು. ಜಾಳಿಗೆಯ ಕೆಳತುದಿಯನ್ನು ನೆಲಕ್ಕೆ ಮುಟ್ಟಿಸಿ ನಿಲ್ಲಿಸದೆ, ಒಂದಡಿಯಷ್ಟನ್ನು ಹೊರಮುಖವಾಗಿ ಮಡಿಚಿ ಮಣ್ಣಿನಡಿ ಹೂಳಬೇಕು. ಕೆದರುವ ಪ್ರಾಣಿ ಬೇಲಿಯ ಬುಡಕ್ಕೇ ಬಂದು ಕೆದರುತ್ತದೆ. ಅಲ್ಲಿ ಕಾಲಿಗೆ ತಂತಿ ತಗುಲಿದರೆ ಎರಡು ಹೆಜ್ಜೆ ಹಿಂದೆ ಸರಿದು ಕೆದರಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ. ನಮ್ಮಲ್ಲಿ ಸುಲಭವಾಗಿ ಸಿಗುವ ಶಹಾಬಾದ್ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಅರ್ಧ ಹೂತು, ಅದರ ಮೇಲೆ ಜಾಳಿಗೆ ಬಿಗಿದರೆ ಕೆದರುವ ಮಾತೇ ಇಲ್ಲ. ಮುಳ್ಳುಹಂದಿ ಪ್ಲಾಸ್ಟಿಕ್ಕನ್ನೂ ಕಟ್ಟಿಗೆಯನ್ನೂ ಕಡಿದು ನುಗ್ಗುವುದರಿಂದ ಗಡ್ಡೆಯ ಮಡಿಗಳಿಗೆ ಲೋಹದ ಜಾಳಿಗೆಯೇ ಬೇಕು.

ತೊಗರಿ ಕಟ್ಟಿಗೆಯ ತಟ್ಟಿ ಆಡಿಗೂ ಕರುವಿಗೂ ತಡೆಯಾಗುತ್ತದೆ, ಮೊಲ ಅದರ ಸಂದಿಯಲ್ಲಿ ನುಸುಳುತ್ತದೆ. ಮುಳ್ಳಿನ ಬೇಲಿ ಹಾಕುವವರು ಒಣಗಿದ ಜಾಲಿಯನ್ನೋ ಬಾರಿಯನ್ನೋ (ಬೋರೆಯ ಮುಳ್ಳು) ಹಾಕಬೇಕು. ಹಸಿ ಬಾರಿ ಹಾಕಿದರೆ ಅದರ ಎಲೆಯೇ ಆಡಿಗೆ ಇಷ್ಟದ ಮೇವು. ಬೇಲಿ ಹಾಕಿ ಕರೆದಂತಾಗುತ್ತದೆ.

ಮಂಗಗಳಿಗೆ ಬರಿಯ ಪಕ್ಕದ ಬೇಲಿ ಏಣಿಯಿದ್ದಂತೆ. ಮಾಳಿಗೆಯ ಮೇಲೆ ಕುಂಡವಿಟ್ಟವರು ನಾಲ್ಕೂ ಬದಿಗೆ ಮತ್ತು ನೆತ್ತಿಗೆ ಜಾಳಿಗೆ ಹೊದಿಸಿದ ಕಬ್ಬಿಣದ ಚೌಕಟ್ಟು ಮಾಡಿಸಬೇಕಾಗುತ್ತದೆ. ಪಂಜರದೊಳಗೆ ನಾವು ಮತ್ತು ನಮ್ಮ ಗುಲಾಬಿ, ಹೊರಗೆ ಮುಸುವ ಕುಳಿತು ನೋಡುವ ನೋಟ ಮೊದಮೊದಲು ವಿಚಿತ್ರವೆನಿಸಿದರೂ ರೂಢಿಯಾಗುತ್ತದೆ. ಅಷ್ಟು ಖರ್ಚು ಬೇಡವೆನ್ನುವವರು ಆಯ್ದ ಗಿಡಗಳಿಗೆ ಮಾತ್ರ ಮುಚ್ಚಳ ಮಾಡಬಹುದು. ಕೆಟ್ಟುಹೋದ ಟೇಬಲ್ ಫ್ಯಾನಿನ ಮುಂದಿನ ಜಾಳಿಗೆಯನ್ನು ಸಸಿಯ ಮೇಲೆ ಬೋರಲು ಹಾಕಿ, ಅಂಚಿಗೆ ಮೂರು ಕಲ್ಲು ಹೇರಿದ್ದೇನೆ; ನವಿಲು ಸುತ್ತಲೂ ಎರಡು ಸುತ್ತು ತಿರುಗಿ, ಕುತ್ತಿಗೆ ಕೊಂಕಿಸಿ ನೋಡಿ ಹೊರಟುಹೋಯಿತು. ಗಿಡ ಬೆಳೆದು ತಂತಿಗೆ ತಾಗಿದ ಮೇಲೆ ಅದನ್ನು ಮುಂದಿನ ಸಸಿಗೆ ದಾಟಿಸುತ್ತೇನೆ.

ಹಸಿರು ನೆರಳುಬಲೆ ಈ ಭಾಗಕ್ಕೆ ಎರಡು ಕೆಲಸ ಮಾಡುತ್ತದೆ. ಗುಲಾಬಿಗೆ ದಿನಕ್ಕೆ ಆರು ತಾಸಿನ ಬಿಸಿಲು ಬೇಕಾದರೂ, ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಬಿಸಿಲು ದಳಗಳನ್ನು ಸುಡುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಹೊದಿಸಿ ಮಳೆಗಾಲಕ್ಕೆ ತೆಗೆದರೆ ನೆರಳೂ ಆಯಿತು, ಹಕ್ಕಿಗಳ ಕಣ್ಣಿಂದ ಮರೆಯೂ ಆಯಿತು. ಯಾವ ಬಲೆಯಾದರೂ ಜೋಲು ಬಿಡದಂತೆ ಬಿಗಿಯಾಗಿ ಕಟ್ಟಬೇಕು, ಅದರ ಕಣ್ಣು ಕಿರುಬೆರಳು ತೂರದಷ್ಟು ಸಣ್ಣದಿರಬೇಕು. ಜೋಲುಬಿದ್ದ ದೊಡ್ಡ ಕಣ್ಣಿನ ನೈಲಾನ್ ಬಲೆಯಲ್ಲಿ ಪಿಕಳಾರದ ಕಾಲು, ಕೇರೆ ಹಾವಿನ ಮೈ ಸಿಕ್ಕಿಕೊಂಡು ಸಾಯುತ್ತವೆ. ಹೆಗ್ಗಣ ಹಿಡಿಯುವ ಹಾವನ್ನು ಹೂವು ಉಳಿಸಲು ಹೋಗಿ ಕಳೆದುಕೊಂಡರೆ ಬರುವ ವರ್ಷ ಗಡ್ಡೆಗಳ ಗತಿ ಏನು?

ಖಾರ, ಕಹಿ, ವಾಸನೆ

ಮೆಣಸಿನಕಾಯಿಯ ಖಾರ ನಾಲಿಗೆಯ ರುಚಿಯಲ್ಲ, ಅದು ನೋವು. ಕ್ಯಾಪ್ಸೈಸಿನ್ ಎಂಬ ವಸ್ತು ನರಗಳ ತುದಿಯಲ್ಲಿರುವ, ಬಿಸಿಯನ್ನು ಗುರುತಿಸುವ ಗ್ರಾಹಕಕ್ಕೆ ಅಂಟಿಕೊಂಡು ಸುಟ್ಟಂಥ ಸಂದೇಶವನ್ನು ಮಿದುಳಿಗೆ ಕಳುಹಿಸುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಹಾಲುಣಿಸುವ ಪ್ರಾಣಿಗಳಲ್ಲಿ ಬಹುತೇಕ ಎಲ್ಲವಕ್ಕೂ ಇದು ಉರಿಯುತ್ತದೆ. ಹಕ್ಕಿಗಳ ಗ್ರಾಹಕದ ರಚನೆ ಬೇರೆಯಾಗಿರುವುದರಿಂದ ಅವುಗಳಿಗೆ ಖಾರ ಗೊತ್ತೇ ಆಗುವುದಿಲ್ಲ. ಗಿಳಿ ಹಸಿಮೆಣಸಿನಕಾಯಿಯನ್ನು ಸೌತೆಕಾಯಿಯಂತೆ ತಿನ್ನುವುದು ಈ ಕಾರಣದಿಂದ. ಹೀಗಾಗಿ ಖಾರದ ನೀರು ಮೊಲ, ಅಳಿಲು, ಆಡುಗಳಿಗೆ ಎಟುಕುವ ಉಪಾಯ. ನವಿಲು, ಗಿಳಿ, ಪಿಕಳಾರಗಳಿಗೆ ಬರಿಯ ಒಗ್ಗರಣೆ.

ಖಾರದ ವಸ್ತು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಪುಡಿಯನ್ನು ನೇರವಾಗಿ ನೀರಿಗೆ ಕಲಸದೆ, ಸ್ವಲ್ಪ ಎಣ್ಣೆಯಲ್ಲಿ ನೆನೆಸಿ, ಎಣ್ಣೆ ನೀರಿನೊಂದಿಗೆ ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ ಸೇರಿಸಿ, ಆಮೇಲೆ ನೀರು ಹಾಕಿ ಸೋಸಬೇಕು. ಬಿಸಿಲಿನಲ್ಲಿ ಎಣ್ಣೆ ಬಿದ್ದ ಎಲೆ ಸುಟ್ಟಂತಾಗುವುದರಿಂದ ಸಂಜೆ ಮಾತ್ರ, ಅದೂ ಮೊದಲು ಒಂದು ಎಲೆಗೆ ಹಾಕಿ ಎರಡು ದಿನ ಕಾದು ನೋಡಿ ಸಿಂಪಡಿಸುವುದು ಲೇಸು. ಮುಡಿಯುವ, ದೇವರಿಗೇರಿಸುವ ಹೂವಿನ ಮೇಲೆ ಬೇಡ. ಹೂವು ಮುಟ್ಟಿದ ಕೈ ಕಣ್ಣಿಗೆ ಹೋಗುತ್ತದೆ.

ಬೇವಿನೆಣ್ಣೆಯ ಕಹಿ ಹಲವು ಪ್ರಾಣಿಗಳನ್ನು ಹಿಂದೆ ಸರಿಸುತ್ತದೆ, ಆದರೆ ಬೇವಿನ ಎಲೆಯನ್ನೇ ತಿಂದು ಅರಗಿಸಿಕೊಳ್ಳುವ ಮುಸುವಕ್ಕೆ ಅದು ತಡೆಯಾಗುವುದಿಲ್ಲ. ಕೊಳೆತ ಮೊಟ್ಟೆಯ ನೀರು ಗಂಧಕದ ವಾಸನೆಯಿಂದಾಗಿ ಮೇಯುವ ಪ್ರಾಣಿಗಳನ್ನು ದೂರವಿಡುತ್ತದೆ ಎಂಬುದು ನಿಜವಾದರೂ, ಮೊಟ್ಟೆ ಒಳಗೆ ಬಾರದ ನಮ್ಮ ಎಷ್ಟೋ ಮನೆಗಳಲ್ಲಿ ಅದನ್ನು ಹೇಳಿದವರೇ ದೂರ ಹೋಗಬೇಕಾದೀತು. ಎಲ್ಲ ಸಿಂಪಡಣೆಗಳಿಗೂ ಒಂದು ಮಿತಿಯಿದೆ. ಪ್ರಾಣಿಗೆ ಬೇಕಾದದ್ದು ಹೊಸ ಚಿಗುರು. ನಿನ್ನೆ ಸಿಂಪಡಿಸಿದ್ದು ಇಂದು ಮೂಡಿದ ಚಿಗುರಿನ ಮೇಲೆ ಇರುವುದಿಲ್ಲ. ವಾರಕ್ಕೊಮ್ಮೆಯಾದರೂ ಮತ್ತೆ ಸಿಂಪಡಿಸುವ ತಾಳ್ಮೆ ಇದ್ದವರಿಗೆ ಮಾತ್ರ ಈ ದಾರಿ.

ಬೆದರಿಸುವುದು

ಬೆದರುಗೊಂಬೆ, ಡಬ್ಬಿಯ ಸದ್ದು, ಹೊಳೆಯುವ ಪಟ್ಟಿ ಇವೆಲ್ಲ ಕೆಲವು ದಿನಗಳ ಮಾತು. ಅಪಾಯವೇನೂ ಆಗಲಿಲ್ಲವೆಂದು ಕಂಡುಕೊಂಡ ಪ್ರಾಣಿ ಅದನ್ನು ಮರೆತುಬಿಡುತ್ತದೆ. ದಿನಾಲು ಜಾಗ ಬದಲಿಸಿದರೆ ತುಸು ಹೆಚ್ಚು ದಿನ ನಡೆದೀತು. 2023ರಲ್ಲಿ ಜಿ-20 ಶೃಂಗಸಭೆಯ ಹೊತ್ತಿಗೆ ದೆಹಲಿಯಲ್ಲಿ ಮುಸುವದ ದೊಡ್ಡ ಚಿತ್ರಫಲಕಗಳನ್ನು ನಿಲ್ಲಿಸಿದ್ದರು. ಅದನ್ನು ಕಂಡು ಇಲ್ಲಿಯೂ ಹಾಗೆ ಮಾಡಬಹುದೆಂದುಕೊಂಡವರು ಒಂದು ಸಂಗತಿ ಗಮನಿಸಬೇಕು: ಅಲ್ಲಿ ಓಡಿಸಬೇಕಾಗಿದ್ದದ್ದು ಕೆಂಪು ಮೂತಿಯ ಕೋತಿಗಳನ್ನು. ನಮ್ಮ ಮಾಳಿಗೆಗೆ ಬರುವುದು ಮುಸುವವೇ ಆಗಿದ್ದರೆ ತನ್ನ ಚಿತ್ರಕ್ಕೆ ತಾನು ಹೆದರಬೇಕಾದ ಕಾರಣವಿಲ್ಲ. ಶನಿವಾರ ಹನುಮಪ್ಪನ ಗುಡಿಯ ಮುಂದೆ ಬಾಳೆಹಣ್ಣು, ಶೇಂಗಾ ಕೊಟ್ಟು ಅದೇ ಓಣಿಯಲ್ಲಿ ಭಾನುವಾರ ಕೋಲು ಹಿಡಿದರೆ ಪ್ರಾಣಿಗೆ ಅರ್ಥವಾಗುವುದು ಬಾಳೆಹಣ್ಣು ಮಾತ್ರ.

ಬಾಯಿ ಹಾಕದ ಗಿಡಗಳು

ಬೇಲಿಯಂಚಿಗೆ ಯಾವ ಗಿಡ ನೆಡಬೇಕೆಂಬುದನ್ನು ಪ್ರಾಣಿಗಳೇ ತೋರಿಸಿಕೊಟ್ಟಿವೆ. ರಸ್ತೆಯ ನಡುಪಟ್ಟಿಯಲ್ಲಿ ದನಗಳ ಮುಂದೆಯೇ ಕಣಗಿಲೆ ಅರಳಿ ನಿಂತಿರುತ್ತದೆ. ಅದರ ಪ್ರತಿ ಭಾಗದಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಈ ಕಾರಣಕ್ಕೇ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ನೆಡುವ ಮುನ್ನ ಯೋಚಿಸಬೇಕು. ನಿತ್ಯಪುಷ್ಪದ ಎಲೆ ಕಹಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ವಿನ್‌ಕ್ರಿಸ್ಟಿನ್ ದೊರೆತದ್ದು ಇದರಿಂದಲೇ. ನಂದಿಬಟ್ಟಲಿನಲ್ಲಿ ಹಾಲಿನಂಥ ಸೊನೆಯಿದೆ, ಕಾಗದದ ಹೂವಿಗೆ ಮುಳ್ಳಿದೆ, ಚೆಂಡುಹೂವಿಗೆ ಗಾಢ ವಾಸನೆಯಿದೆ. ಇವುಗಳನ್ನು ಹೊರಸಾಲಿಗೆ ಹಾಕಿ, ದಾಸವಾಳ, ಗುಲಾಬಿ, ಸೇವಂತಿಗೆಗಳನ್ನು ಮನೆಯ ಗೋಡೆಯ ಪಕ್ಕಕ್ಕೆ ತರುವುದು ಒಳ್ಳೆಯದು. ಕಡು ಹಸಿವಿನಲ್ಲಿ ಈ ಸಾಲನ್ನೂ ದಾಟುವ ಪ್ರಾಣಿಗಳಿದ್ದಾವು.

ಮಾಡಬಾರದ್ದು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಮಾತಿಗೆ ಕೊಲ್ಲುವುದಷ್ಟೇ ಅರ್ಥವಲ್ಲ. ವಿಷ ಇಡುವುದು, ಉರುಲು ಹಾಕುವುದು, ಬೋನಿಗೆ ಕೆಡವುವುದು, ಗಾಯ ಮಾಡುವುದು ಎಲ್ಲವೂ ಅದರಲ್ಲಿ ಸೇರಿವೆ. ನವಿಲು ಮತ್ತು ಬೀದರ್ ಕಡೆಯ ಹೊಲಗಳಲ್ಲಿ ಕಾಣುವ ಕೃಷ್ಣಮೃಗ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವುಗಳ ಬೇಟೆಗೆ 3ರಿಂದ 7 ವರ್ಷಗಳ ಸೆರೆವಾಸವಿದೆ. ಮನೆಯ 230 ವೋಲ್ಟ್ ವಿದ್ಯುತ್ತನ್ನು ಬೇಲಿಗೆ ಹರಿಸುವುದು ಅಪರಾಧ, ಅದರಿಂದ ಮೊದಲು ಸಾಯುವುದು ಹಲವೊಮ್ಮೆ ಮನೆಯವರೇ. ಸೌರಬೇಲಿ ಬೇರೆ, ಅದರಲ್ಲಿ ವಿದ್ಯುತ್ತು ಸತತವಾಗಿ ಹರಿಯದೆ ಕ್ಷಣಮಾತ್ರದ ಮಿಡಿತಗಳಾಗಿ ಬರುವುದರಿಂದ ಮುಟ್ಟಿದವರು ಬೆಚ್ಚಿ ಬಿಟ್ಟುಬಿಡುತ್ತಾರೆ. ಮಂಗಗಳ ಕಾಟ ಮಿತಿಮೀರಿದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಬರೆದುಕೊಡುವುದು ಸರಿಯಾದ ಕ್ರಮ.

ಕೀಳುವ ಹೊತ್ತು

ಖರ್ಚಿಲ್ಲದ ಒಂದು ದಾರಿ ಉಳಿದಿದೆ. ಮುಸುವ ಮತ್ತು ಹಕ್ಕಿಗಳು ಬರುವುದು ಬೆಳಕು ಹರಿದ ಮೇಲೆ. ಏಪ್ರಿಲ್-ಮೇಯಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ತೆರೆಯುವುದರಿಂದ ಮನೆಗಳು ಬೇಗ ಖಾಲಿಯಾಗುತ್ತವೆ, ಗಿಡದ ಬಳಿ ಯಾರೂ ಇರುವುದಿಲ್ಲ. ಪೂಜೆಗೆ ಬೇಕಾದ ದಾಸವಾಳವನ್ನು ಹಿಂದಿನ ಸಂಜೆಯೇ ಕೀಳಬಹುದು. ಮರುದಿನ ಅರಳುವ ಮೊಗ್ಗು ಉದ್ದವಾಗಿ, ಹಸಿರು ಪುಷ್ಪಪಾತ್ರೆಯಿಂದ ಒಂದು ಅಂಗುಲದಷ್ಟು ಹೊರಗೆ ಚಾಚಿ, ತುದಿಯಲ್ಲಿ ಸುರುಳಿ ಸಡಿಲವಾಗಿರುತ್ತದೆ. ಅಂಥದನ್ನು ತೊಟ್ಟಿನ ಸಮೇತ ಕಿತ್ತು, ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆಯಲ್ಲಿ ಸುತ್ತಿ, ತಟ್ಟೆಯಲ್ಲಿಟ್ಟು ತಂಪಾದ ಮೂಲೆಗೆ ಇರಿಸಿದರೆ ಬೆಳಿಗ್ಗೆ ಬಟ್ಟೆ ಬಿಚ್ಚುವಾಗ ಅರಳಲು ತೊಡಗಿರುತ್ತದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಐದೂ ದಳ ಬಿಚ್ಚಿಕೊಂಡಿರುತ್ತವೆ. ದಾಸವಾಳದ ಹೂವಿನ ಆಯುಸ್ಸು ಹೇಗೂ ಒಂದೇ ಹಗಲು.